ಆಪರೇಷನ್ ಆದ ಮೇಲಿನ ನೋವು: ಅನುಭವ ಇದ್ದವರು ಹೇಳಿ

ನಮ್ಮದು ಮುಧೋಳ. ಮುಂದಿನ ವಾರ ಬೆಳಗಾವಿಯಲ್ಲಿ ಅವ್ವನ ಮೊಣಕಾಲಿನ ಕೀಲು ಬದಲಾಯಿಸುತ್ತಾರೆ. ವಯಸ್ಸು 68, ಬಿಪಿ ಇದೆ. ಆಪರೇಷನ್‌ಗಿಂತ ಆಮೇಲಿನ ನೋವಿನದೇ ಚಿಂತೆ. ಅವ್ವ ಬಾಯಿ ಬಿಟ್ಟು ಹೇಳುವವಳಲ್ಲ. ಮನೆಯವರು ಏನು ನೋಡಿಕೊಳ್ಳಬೇಕು?

ಬಾಗಲಕೋಟೆಯಿಂದ, ಸರ್ಜರಿ ವಾರ್ಡಿನ ನರ್ಸ್:

ಅಣ್ಣಾ, ನಮ್ಮ ಕಡೆ ಹಿರಿಯರದು ಒಂದೇ ಮಾತು: "ಏನಿಲ್ಲ ಬಿಡವ್ವಾ, ತಡಕೋತೀನಿ." ಈ ತಡಕೊಳ್ಳುವುದೇ ತೊಂದರೆ. ನೋವಿಗೆ ಹೆದರಿ ಕೆಮ್ಮುವುದಿಲ್ಲ, ಕಫ ಎದೆಯಲ್ಲೇ ಉಳಿಯುತ್ತದೆ. ಕಾಲು ಮಡಚುವುದಿಲ್ಲ, ಕೀಲು ಬಿಗಿಯುತ್ತದೆ. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ.

ನಾವು ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿ ಕೇಳುತ್ತೇವೆ. ಅಜ್ಜಿಯರು ಸುಮ್ನೆ ಮುಖ ನೋಡುತ್ತಾರೆ. "ರೂಪಾಯಿಗೆ ಎಷ್ಟಾಣಿ ಐತಿ?" ಅನ್ನಿ, ಥಟ್ಟನೆ "ಹನ್ನೆರಡಾಣಿ" ಅನ್ನುತ್ತಾರೆ! ರೂಪಾಯಿಗೆ ಹದಿನಾರಾಣೆ, ಅಂದರೆ ಹತ್ತಕ್ಕೆ ಏಳೂವರೆ. ಮಲಗಿದಾಗ ಕೇಳಬೇಡಿ, ಎಲ್ಲರೂ ಆರಾಮ ಅಂತಾರೆ. ಎದ್ದು ಕೂತಾಗ, ಕಾಲು ಮಡಚಿದಾಗ ಕೇಳಿ.

ಇನ್ನೊಂದು. ಕಾಲಿನ ನರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಮೊದಲ ದಿನ ಅವ್ವ ನಗುನಗುತ್ತಾ ಮಾತಾಡುತ್ತಾರೆ. ನಂಬಬೇಡಿ! ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಅದರ ಪ್ರಭಾವ ಇಳಿಯುತ್ತದೆ. ಅದು ನಡುರಾತ್ರಿ ಆದರೆ ನಿಮ್ಮ ಪಾಡು ಬೇಡ. ಇಳಿಯುವ ಮೊದಲೇ ಗುಳಿಗೆ ಶುರುವಾಗಿರಬೇಕು. ಯಾವಾಗ ಅಂತ ಅರಿವಳಿಕೆ ಡಾಕ್ಟರನ್ನು ಮೊದಲೇ ಕೇಳಿಡಿ. ನೋವು ಬಂದಾಗ ಕೊಟ್ಟರಾಯಿತು ಅಂತ ಕಾಯಬೇಡಿ. ಮೊದಲ ದಿನಗಳಲ್ಲಿ ಚೀಟಿಯಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಕೊಡಿ. ಒಮ್ಮೆ ಏರಿದ ನೋವನ್ನು ಇಳಿಸುವುದು ಕಷ್ಟ.

ಇಂಡಿಯಿಂದ:

ನಮ್ಮ ಅಪ್ಪನ ಹೊಟ್ಟೆ ಆಪರೇಷನ್ ಆದಾಗ ನಾವು ಮಾಡಿದ ತಪ್ಪು ಹೇಳುತ್ತೇನೆ. ಚೀಟಿಯಲ್ಲಿ ಟ್ರಾಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ ನೋವಿನ ಗುಳಿಗೆ ಇತ್ತು. ಮೈ ಬೆಚ್ಚಗಿದೆ ಅಂತ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ 650 ಕೂಡ ಕೊಡುತ್ತಾ ಹೋದೆವು. ಎರಡರಲ್ಲೂ ಅದೇ ಔಷಧ ಅಂತ ಅಂಗಡಿಯವರು ಹೇಳಿದ ಮೇಲೆ ಎದೆ ಧಸಕ್ಕೆಂದಿತು. ದೊಡ್ಡವರಿಗೂ ಪ್ಯಾರಾಸಿಟಮಾಲ್ ಎಲ್ಲಾ ಸೇರಿ ದಿನಕ್ಕೆ 4 ಗ್ರಾಂ ದಾಟಬಾರದು. ತೂಕ ಕಡಿಮೆ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ.

ಟ್ರಾಮಡಾಲ್‌ನಿಂದ ತಲೆಸುತ್ತು, ವಾಕರಿಕೆ ಬರಬಹುದು. ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗಲು ಬಿಡಬೇಡಿ. ಮಲಬದ್ಧತೆಯಂತೂ ವಿಪರೀತ. ಅಪ್ಪ ನಾಲ್ಕು ದಿನ ಒದ್ದಾಡಿದರು, ಗಾಯದ ನೋವೇ ಮೇಲು ಅನಿಸಿತು. ಅದಕ್ಕೂ ಔಷಧ ಬರೆಸಿಕೊಂಡೇ ಮನೆಗೆ ಬನ್ನಿ.

ಗೋಕಾಕದಿಂದ:

ನಮ್ಮ ಅತ್ತೆಗೂ ಇದೇ ಆಪರೇಷನ್ ಆಗಿತ್ತು. ಫಿಸಿಯೋಥೆರಪಿಯವರು ಬರುವ ಮುಕ್ಕಾಲು ಗಂಟೆ ಮೊದಲು ನೋವಿನ ಗುಳಿಗೆ ಕೊಡಿ ಅಂದರು. ಕೊಟ್ಟ ದಿನಕ್ಕೂ ಕೊಡದ ದಿನಕ್ಕೂ ಬಹಳ ಫರಕು. ವ್ಯಾಯಾಮ ಆದ ಮೇಲೆ ಬಟ್ಟೆ ಸುತ್ತಿದ ಐಸ್, 15-20 ನಿಮಿಷ, ಬ್ಯಾಂಡೇಜು ಒದ್ದೆ ಆಗದಂತೆ.

ಬಿಪಿ ಇದೆ ಅಂದಿರಿ. ಮಾತಾಡಿಸಲು ಬಂದವರು "ನನಗ ಇದು ಛಲೋ ಹತ್ತೇತಿ" ಅಂತ ಡೈಕ್ಲೋಫೆನಾಕ್ ನೋವಿನ ಗುಳಿಗೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಬಿಪಿ ಏರಬಹುದು, ವಯಸ್ಸಾದವರ ಕಿಡ್ನಿಗೆ, ಹೊಟ್ಟೆಗೆ ಪೆಟ್ಟು. ಡಾಕ್ಟರೇ ಲೆಕ್ಕ ಹಾಕಿ ಬರೆದರೆ ಅದು ಬೇರೆ ಮಾತು. ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಎಣ್ಣೆ ಹಚ್ಚಿ ತಿಕ್ಕಲೇಬೇಡಿ, ಡಾಕ್ಟರಿಗೆ ಅವತ್ತೇ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ನಿಮಿಷವೂ ಕಾಯಬೇಡಿ.

ಮತ್ತೆ ಮುಧೋಳದಿಂದ:

ಎಲ್ಲರಿಗೂ ಶರಣು. ನರ್ಸ್ ಅಕ್ಕಾ, ಈಗಷ್ಟೇ ಅವ್ವನನ್ನು ಆಣೆ ಲೆಕ್ಕದಲ್ಲಿ ಕೇಳಿದೆ. ಮೆಟ್ಟಿಲು ಹತ್ತುವಾಗ ಹದಿನಾಲ್ಕಾಣಿ ಅಂತೆ. ಎರಡು ವರ್ಷದಿಂದ ನನಗೆ "ಏನಿಲ್ಲ" ಅಂತಲೇ ಹೇಳುತ್ತಿದ್ದಳು.