ಸಹಾಯ ಬೇಕು: ಪೇಮೆಂಟ್ ಗೇಟ್‌ವೇ ಕಂಪನಿಯವರು ಅಕೌಂಟ್ ಬಂದ್ ಮಾಡಿದ್ದಾರೆ, ದುಡ್ಡೂ ಬಂದಿಲ್ಲ
ಎಲ್ರಿಗೂ ನಮಸ್ಕಾರ, ನಮ್ದು ಬದಿಯಡ್ಕದಲ್ಲಿ ಹಲಸಿನ ಹಪ್ಪಳ, ಮಾಂಬಳದ (ಮಾವಿನ ಹಣ್ಣಿನ ರಸ ಒಣಗಿಸಿ ಮಾಡುವ ತಿಂಡಿ) ಸಣ್ಣ ವ್ಯಾಪಾರ, 2016ರಿಂದ ಆನ್‌ಲೈನ್ ಆರ್ಡರಿನ ದುಡ್ಡೆಲ್ಲ ಒಂದೇ ಗೇಟ್‌ವೇ ಕಂಪನಿ ಮೂಲಕ ಬರ್ತಿತ್ತು, ಇಷ್ಟು ವರ್ಷ ಒಂದು ತಕರಾರಿಲ್ಲ. ಕಳೆದ ತಿಂಗಳು "ರಿಸ್ಕ್ ಪಾಲಿಸಿ ಪ್ರಕಾರ ಒಪ್ಪಂದ ಮುಗಿಸಿದ್ದೇವೆ" ಅಂತ ಒಂದು ಮೇಲ್ ಬಂತು ಅಷ್ಟೆ, ಕಾರಣ ಎಂತದ್ದೂ ಇಲ್ಲ, ಸೆಟಲ್ ಆಗದ, ಅಂದ್ರೆ ನಮ್ಮ ಬ್ಯಾಂಕ್ ಖಾತೆಗೆ ಇನ್ನೂ ಹಾಕದ ದುಡ್ಡನ್ನೂ ತಡೆ ಹಿಡಿದಿದ್ದಾರೆ. ಹಪ್ಪಳ ಒತ್ತುವ ಹೆಂಗಸರಿಗೆ ಕೂಲಿ ಕೊಡ್ಲಿಕ್ಕೆ ಬಾಕಿ ಉಂಟು, ಅದೇ ದೊಡ್ಡ ಬೇಜಾರು. ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಕೊರಿಯರ್ ರಶೀದಿ ಎಲ್ಲ ಕಳಿಸಿ ಆಯ್ತು, "ಪರಿಶೀಲನೆಯಲ್ಲಿದೆ" ಅಂತ ಅದೇ ಉತ್ತರ. ಬ್ಯಾಂಕಿನವರು ನಮ್ಗೆ ಸಂಬಂಧ ಇಲ್ಲ ಅಂತಾರೆ. 30 ದಿನದಲ್ಲಿ ಉತ್ತರ ಬರದಿದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಬ್ಯಾಂಕಿನಂಥ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ) ದೂರು ಕೊಡ್ಬಹುದು ಅಂತ ಗೊತ್ತುಂಟು, ಆದ್ರೆ ಅಲ್ಲಿ ನಮ್ಮಂಥ ವ್ಯಾಪಾರಿಗಳ ದೂರು ತಗೊಳ್ತಾರಾ, ಅಲ್ಲ ಮೊದ್ಲು ವಕೀಲರ ನೋಟಿಸ್ ಕಳಿಸ್ಬೇಕಾ? ಹೀಗೆ ಆಗಿ ದುಡ್ಡು ವಾಪಸ್ ಸಿಕ್ಕಿದವರು ಇದ್ರೆ ದಯವಿಟ್ಟು ಹೇಳಿ.