ಮದ್ದನ್ನು ‘ವಿತರಿಸುವುದೋ’, ‘ಮುಟ್ಟಿಸುವುದೋ’?

ಆಲಿಗೋನ್ಯೂಕ್ಲಿಯೋಟೈಡ್ ಮದ್ದುಗಳನ್ನು, ಅಂದರೆ ಡಿಎನ್‌ಎ ಇಲ್ಲವೇ ಆರ್‌ಎನ್‌ಎಯ ಗಿಡ್ಡ ಎಳೆಗಳನ್ನು, ಹೊತ್ತೊಯ್ಯುವ ಪಾಲಿಮರ್ ನ್ಯಾನೊಕಣಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಡ್ರಗ್ ಡೆಲಿವರಿ’ ಎಂಬಲ್ಲಿ ಕೈ ನಿಂತಿದೆ. ‘ಔಷಧ ವಿತರಣೆ’ ಎಂದು ಬರೆಯುವವರಿದ್ದಾರೆ; ನನಗೆ ಒಗ್ಗುತ್ತಿಲ್ಲ. ವಿತರಣೆ ಎಂದರೆ ಹಲವರಿಗೆ ಹಂಚುವುದು. ಇಲ್ಲಿ ಬೇಕಿರುವುದು ಗುರಿಯ ಜೀವಕೋಶಕ್ಕಷ್ಟೇ ಒಯ್ಯುವುದು. ಮೇಲಾಗಿ ಮದ್ದು ರಕ್ತದಿಂದ ಅಂಗಾಂಗಗಳಿಗೆ ಹರಡಿಕೊಳ್ಳುವುದನ್ನು ಔಷಧಶಾಸ್ತ್ರ ‘ಡಿಸ್ಟ್ರಿಬ್ಯೂಷನ್’ ಎನ್ನುತ್ತದೆ. ‘ವಿತರಣೆ’ಯನ್ನು ಅದಕ್ಕೆ ಉಳಿಸಿಕೊಳ್ಳಬೇಕಲ್ಲ?

‘ರವಾನೆ’ ಕಳಿಸಿದಲ್ಲಿಗೆ ಮುಗಿಯುತ್ತದೆ, ‘ಸಾಗಣೆ’ ದಾರಿಯಲ್ಲೇ ಉಳಿಯುತ್ತದೆ. ‘ಮುಟ್ಟಿಸು’ ಆದೀತೇ? ಸುದ್ದಿ ಮುಟ್ಟಿಸು, ಹಣ ಮುಟ್ಟಿಸು ಎಂದಾಗ ಸೇರಬೇಕಾದವರ ಕೈ ಸೇರಿತು ಎಂಬುದು ಮಾತಿನಲ್ಲೇ ಇದೆ.

ಆದರೆ ಇಲ್ಲೊಂದು ತಮಾಷೆಯ ತೊಡಕು. ಈ ಮದ್ದಿನ ಎಳೆಯಲ್ಲಿರುವ ಫಾಸ್ಫೇಟುಗಳದ್ದು ಋಣ ವಿದ್ಯುದಂಶ. ಕೋಶದ ಹೊರಮೈಯದ್ದೂ ಋಣವೇ. ಹಾಗಾಗಿ ಪಾಲಿಎಥಿಲೀನಿಮೈನ್‌ನಂಥ ಧನ ವಿದ್ಯುದಂಶದ ಪಾಲಿಮರ್ ಅದನ್ನು ಸುತ್ತಿಕೊಂಡು ಕೋಶದ ಮೈಗೆ ಅಂಟುತ್ತದೆ. ಅಂದರೆ ಕಣ ಕೋಶವನ್ನು ಅಕ್ಷರಶಃ ಮುಟ್ಟಿತು, ಮದ್ದು ಮಾತ್ರ ಇನ್ನೂ ಮುಟ್ಟಿಲ್ಲ! ಕೋಶ ಆ ಕಣವನ್ನು ಎಂಡೋಸೋಮ್ ಎಂಬ ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಅಲ್ಲಿಂದ ಹೊರಬರದಿದ್ದರೆ ಕೋಶದ ಜೀರ್ಣಚೀಲವಾದ ಲೈಸೋಸೋಮಿನಲ್ಲಿ ಜೀರ್ಣವಾಗುವುದೇ ಗತಿ. ಇಷ್ಟಾದರೂ ‘ತಲುಪಿಸು’ವಿಗಿಂತ ‘ಮುಟ್ಟಿಸು’ವೇ ನನಗೆ ಹಿಡಿಸಿದೆ. ತಲುಪುವುದು ಬಾಗಿಲವರೆಗೂ ಆಗಬಹುದು.

ನಿಜವಾದ ಇಕ್ಕಟ್ಟು ಮುಂದಿನದು. ಮದ್ದು ಚೀಲದಿಂದ ಹೊರಬರಬೇಕು, ಪಾಲಿಮರಿನ ಹಿಡಿತದಿಂದಲೂ ಬಿಡಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಮೊದಲನೆಯದು ‘ಎಸ್ಕೇಪ್’, ಎರಡನೆಯದು ‘ರಿಲೀಸ್’. ನನ್ನ ಕರಡಿನಲ್ಲಿ ಎರಡೂ ‘ಬಿಡುಗಡೆ’ಯಾಗಿ ಕೂತು, ಓದಿದ ಗೆಳತಿ “ಎಷ್ಟು ಸಲ ಬಿಡುಗಡೆ ಮಾಡ್ತೀಯ?” ಎಂದಳು. ಬಿಡುಗಡೆ ಎಂದರೆ ಹಿಡಿದವರು ಬಿಟ್ಟರು ಎಂದಾಯಿತು; ಪಾಲಿಮರಿಗೆ ಅದು ಸರಿ. ಎಂಡೋಸೋಮ್ ತಾನಾಗಿ ಬಿಡುವುದಿಲ್ಲ. ‘ಚೀಲ ಒಡೆತ’ ಎನ್ನೋಣವೆಂದರೆ, ಪಾಲಿಮರ್ ಪ್ರೋಟಾನುಗಳನ್ನು ಹೀರಿ, ನೀರು ನುಗ್ಗಿ, ಚೀಲ ಬಿರಿಯುತ್ತದೆಂಬ 1990ರ ದಶಕದ ‘ಪ್ರೋಟಾನ್ ಸ್ಪಂಜು’ ವಾದವನ್ನು ಎಲ್ಲರೂ ಒಪ್ಪಿಲ್ಲ. ವಿಜ್ಞಾನಿಗಳ ಜಗಳವನ್ನು ಅನುವಾದಕ ತೀರ್ಮಾನಿಸಬಾರದು. ಸದ್ಯಕ್ಕೆ ‘ಪಾರಾಗುವಿಕೆ’ ಎಂದಿಟ್ಟಿದ್ದೇನೆ. ಕ್ರಿಯಾಪದವಾಗಿ ಸೊಗಸು, ನಾಮಪದವಾಗಿ ತುಸು ಭಾರ. ಇದಕ್ಕಿಂತ ಚಿಕ್ಕದು ಹೊಳೆದರೆ ಹೇಳಿ.

ಅಂದಹಾಗೆ ಗ್ರೀಕಿನಲ್ಲಿ ‘ಆಲಿಗೋ’ ಎಂದರೆ ಕೆಲವು, ‘ಪಾಲಿ’ ಎಂದರೆ ಹಲವು. ಕೆಲವನ್ನು ಹಲವು ಹೊತ್ತುಕೊಂಡಿದೆ! ಪ್ರಾಸ ಚೆನ್ನಾಗಿದೆ, ಆದರೂ ಅವೆರಡನ್ನೂ ಕನ್ನಡಿಸುವ ಉಸಾಬರಿಗೆ ಹೋಗಿಲ್ಲ.