ಸಹಾಯ ಬೇಕು: ಸೀಕ್ರೆಟ್ ಸಾಂಟಾಗೆ ಮ್ಯಾನೇಜರ್‌ಗೆ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಕೊಡಬಹುದಾ?

ಎಲ್ಲರಿಗೂ ನಮಸ್ಕಾರ. ಸೋಮವಾರ ನಮ್ಮ ಬೆಂಗಳೂರು ಆಫೀಸಿನಲ್ಲಿ ಸೀಕ್ರೆಟ್ ಸಾಂಟಾ, ಅಂದರೆ ಚೀಟಿಯಲ್ಲಿ ಬಂದ ಹೆಸರಿನವರಿಗೆ ಗುಟ್ಟಾಗಿ ಗಿಫ್ಟ್ ಕೊಡುವ ಆಟ. 500 ರೂಪಾಯಿ ದಾಟಬಾರದು ಅಂತ ನಿಯಮ. ನನ್ನ ಚೀಟಿಯಲ್ಲಿ ಬಂದಿದ್ದು ಮ್ಯಾನೇಜರ್ ಮೇಡಂ ಹೆಸರು! ಮಗ್, ಡೈರಿ, ಪುಟ್ಟ ಗಿಡ ಎಲ್ಲ ನೋಡಿದೆ. ಮೂರೂ ಅವರ ಟೇಬಲ್ ಮೇಲೆ ಆಗಲೇ ಇವೆ. ಪಕ್ಕದ ಸೀಟಿನವರನ್ನು ಕೇಳಿದರೆ "ಏನಾದ್ರೂ ಕೊಡಿ" ಅಂತಾರೆ. ದುಬಾರಿಯದು ಕೊಟ್ಟರೆ ಬೆಣ್ಣೆ ಹಚ್ತಿದ್ದಾನೆ ಅಂತಾರೆ.

ಈ ವೀಕೆಂಡ್ ಗೆಳೆಯರೆಲ್ಲ ಮಂಗಳೂರಿಗೆ, ಒಬ್ಬ ಸ್ನೇಹಿತನ ಮನೆಗೆ ಬಂದಿದ್ದೇವೆ. ಕ್ರಿಸ್‌ಮಸ್ ಕುಸ್ವಾರ್ ತಯಾರಿ ಜೋರಾಗಿದೆ. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕ್ ಬೆನ್ನಿಗೆ ಒತ್ತಿ ಸುತ್ತಿದರೆ ಗೆರೆಗೆರೆಯ ಕಿಡಿಯೊ ಆಗುತ್ತದೆ. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾರೆ. ನೆವ್ರಿ ನಮ್ಮ ಕರ್ಜಿಕಾಯಿ ಥರಾನೇ, ಒಳಗೆ ಎಳ್ಳು, ತೆಂಗಿನಕಾಯಿ. ಎಷ್ಟು ರುಚಿ ಅಂದರೆ ಅಂಗಡಿಯ ಯಾವ ಗಿಫ್ಟೂ ಇದರ ಮುಂದೆ ಸುಮ್ನೆ! ಆ ಮನೆಯ ಆಂಟಿ ತಾವಾಗೇ "ನಿಮ್ಮ ಮೇಡಂಗೂ ಒಂದು ಡಬ್ಬಿ ತೆಗೊಂಡು ಹೋಗು ಮಾರಾಯ" ಅಂದರು.

ತೊಡಕು ಇಲ್ಲೇ. ಮೇಡಂ ಮೊಟ್ಟೆ ತಿನ್ನುವುದಿಲ್ಲ. ಗುಲಾಬಿ ಅಚ್ಚಿನ ರೋಸ್ ಕುಕೀಸ್‌ಗೆ ಆಂಟಿ ಮೊಟ್ಟೆ ಹಾಕಿದ್ದಾರೆ. ನೆವ್ರಿಗೆ ಹಾಕಿಲ್ಲ, ಆದರೆ ಕರಿದಿದ್ದು ಅದೇ ಎಣ್ಣೆಯಲ್ಲಿ. ಮೇಡಂನ ಕೇಳೋಣ ಅಂದರೆ ಗುಟ್ಟು ರಟ್ಟಾಗುತ್ತದೆ, ಅಲ್ವಾ? ಪ್ರೀತಿಯಿಂದ ಕೊಡುತ್ತಿರುವ ಆಂಟಿಗೆ ಬೇರೆ ಎಣ್ಣೆ ಇಡಿ ಅನ್ನಲು ಸಂಕೋಚ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಆಂಟಿಗೆ ವಿಷಯ ಹೇಳಿ ಬೇರೆ ಎಣ್ಣೆಯಲ್ಲಿ ನೆವ್ರಿ ಮಾಡಿಸಿಕೊಳ್ಳಲಾ, ಇಲ್ಲ ತಿನ್ನುವ ವಸ್ತುವೇ ಬೇಡ ಅಂತ ಬಿಡಲಾ? ಬಿಡುವುದಾದರೆ 500ರೊಳಗೆ ಏನು ಕೊಡಬಹುದು?